ಒಂದು ಸೂತ್ರ, ಹತ್ತು ಫೈಲು

ಎಕ್ಸೆಲ್‌ನಲ್ಲಿ ವ್ಯಾಪಾರದ ಲೆಕ್ಕ ಇಡುವವರಿಗೆ ಈ ಕಷ್ಟ ಗೊತ್ತು. ಕಮಿಷನ್ ಸೂತ್ರವನ್ನು ಹತ್ತು ಫೈಲಿಗೆ ಕಾಪಿ ಮಾಡಿರುತ್ತೇವೆ. ದರ ಬದಲಾದಾಗ ಒಂಬತ್ತನ್ನು ತಿದ್ದಿ ಒಂದನ್ನು ಮರೆಯುತ್ತೇವೆ. ಕೈಸುಡುವುದು ಆ ಒಂದೇ.

ಈ ಕಷ್ಟಕ್ಕೆ ಇತಿಹಾಸವಿದೆ. 1979ರಲ್ಲಿ ಅಮೆರಿಕದ ಡಾನ್ ಬ್ರಿಕ್ಲಿನ್, ಬಾಬ್ ಫ್ರಾಂಕ್‌ಸ್ಟನ್ ರೂಪಿಸಿದ ವಿಸಿಕ್ಯಾಲ್ಕ್ ಬಂತು. ಒಂದು ಅಂಕಿ ತಿದ್ದಿದರೆ ಸಂಬಂಧಪಟ್ಟ ಲೆಕ್ಕವೆಲ್ಲ ತಾನಾಗಿ ಬದಲಾಗುತ್ತಿತ್ತು. ಆದರೆ ಇದ್ದದ್ದು ಮೊತ್ತ, ಸರಾಸರಿಯಂಥ ಸಿದ್ಧ ಫಂಕ್ಷನ್‌ಗಳು ಮಾತ್ರ.

1993ರಲ್ಲಿ ಎಕ್ಸೆಲ್ 5ರ ಜೊತೆ ವಿಬಿಎ ಬಂತು. ಸ್ವಂತ ಫಂಕ್ಷನ್ ಬರೆದು ಆಡ್-ಇನ್ ಮಾಡಿಟ್ಟರೆ ಆ ಕಂಪ್ಯೂಟರಿನ ಎಲ್ಲ ಫೈಲಿಗೂ ಸಿಗುತ್ತದೆ. ಆಡ್-ಇನ್ ಇಲ್ಲದ ಕಂಪ್ಯೂಟರಿನಲ್ಲಿ ನಡೆಯದು. ಫೋನಿನ ಎಕ್ಸೆಲ್‌ನಲ್ಲಂತೂ ವಿಬಿಎ ಓಡುವುದೇ ಇಲ್ಲ.

ಕೋಡ್ ಬಾರದವರೂ ಫಂಕ್ಷನ್ ಮಾಡಿಕೊಳ್ಳುವಂತಿರಬೇಕು ಎಂದು ಸೈಮನ್ ಪೇಟನ್ ಜೋನ್ಸ್ ಮತ್ತು ಸಂಗಡಿಗರು 2003ರಲ್ಲೇ ಪ್ರಬಂಧ ಬರೆದಿದ್ದರು. ಅದಕ್ಕೆ ದಾರಿ ಮಾಡಿದ ಲ್ಯಾಂಬ್ಡಾವನ್ನು ಮೈಕ್ರೋಸಾಫ್ಟ್ ಪ್ರಕಟಿಸಿದ್ದು 2020ರ ಡಿಸೆಂಬರಿನಲ್ಲಿ. ಸೂತ್ರಕ್ಕೊಂದು ಹೆಸರಿಟ್ಟರೆ ಸಾಕು, ಆ ಫೈಲಿನಲ್ಲಿ ಅದೇ ಫಂಕ್ಷನ್. ಬೇರೆ ಫೈಲಿಗೆ ಬೇಕೆಂದರೆ ಮತ್ತೆ ಕಾಪಿಯೇ.

ಹಾಗಾಗಿ ಮೂಲ ಸೂತ್ರ ಎಲ್ಲಿದೆ, ಯಾವ್ಯಾವ ಫೈಲಿಗೆ ಹೋಗಿದೆ ಎಂದು ಬರೆದಿಟ್ಟುಕೊಳ್ಳಿ. ದರ ಬದಲಾದ ದಿನ ದುಡ್ಡು ಉಳಿಸುವುದು ಆ ಪಟ್ಟಿಯೇ.