ಹತ್ರ ಅಂದ್ರೆ ಎಷ್ಟು ಹತ್ರ?



"ಈಗ ಜಾತಿ ಎಲ್ಲುಂಟು ಮಾರಾಯ್ರೆ, ಎಲ್ಲರೂ ಹತ್ರ ಆಗಿದ್ದೇವಲ್ಲ" ಅಂತ ಹೇಳುವವರು ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬಹಳ ಜನ. ಹಾಗಾದ್ರೆ ಈ 'ಹತ್ರ'ದ ಚರಿತ್ರೆಯನ್ನೇ ಒಮ್ಮೆ ನೋಡುವ.

ಹತ್ತಿರ, ಬಳಿ, ಬದಿ, ನೆರೆ ನಮ್ಮ ಪದಗಳು. ಸಮೀಪ, ನಿಕಟ, ಸನ್ನಿಧಿ ಸಂಸ್ಕೃತದಿಂದ ಬಂದವು. ಬ್ರಹ್ಮಾವರದ ತುಳು ಮನೆಗಳಲ್ಲಿ 'ಕೈತಲ್'. ಅದರೊಳಗೆ 'ಕೈ' ಇದೆ. 'ಹತ್ತಿರ'ದೊಳಗೆ 'ಹತ್ತು' ಇದೆ, ಅಂದರೆ ಅಂಟಿಕೊಳ್ಳುವುದು. ಸನ್ನಿಧಿ ಅಂದರೂ ಸಮೀಪವೇ. ಆದರೆ ಆ ಪದ ದೇವಸ್ಥಾನದ ಒಳಗೆ ಹೋಗಿ ಕೂತಿತು, ನಾವು ಹೊರಗೆ ನಿಂತೆವು. 'ಉಪನಯನ'ದ ಅರ್ಥ ಹತ್ತಿರ ಕರೆದೊಯ್ಯುವುದು. ಯಾರನ್ನು ಕರೆದೊಯ್ದರು, ಯಾರನ್ನು ಬಿಟ್ಟರು ಅಂತ ನಾನು ಹೇಳಬೇಕಾ? 'ಬದಿ'ಗಂತೂ ಎರಡು ಮುಖ: ತಮ್ಮವರಿಗೆ "ಬದಿಗೆ ಬಾ", ನಮಗೆ "ಬದಿಗೆ ಹೋಗು". ಅವರೊಳಗೆ ಅಂಟಿಕೊಂಡರೆ ಅದು ನಂಟು, ನಾವು ಅಂಟಿದರೆ ಮೈಲಿಗೆ.

ಕೊರಗ ಬಂಧುಗಳ ಚರಿತ್ರೆ ನೋಡಿ. ಉಗುಳು ದಾರಿಗೆ ಬೀಳಬಾರದೆಂದು ಕುತ್ತಿಗೆಗೆ ಅಂಡೆ ಕಟ್ಟಿಕೊಂಡು ತಿರುಗಬೇಕಾಗಿದ್ದವರಿಗೆ 'ಅಂಡೆ ಕೊರಗ'ರೆಂದೇ ಹೆಸರು. 1909ರ ಥರ್ಸ್ಟನ್ ಸಂಪುಟಗಳಲ್ಲಿ ಇದು ದಾಖಲಾಗಿದೆ. ಅದೇ ಕೊರಗರನ್ನು ಕಾಯಿಲೆ ಬಂದಾಗ ಹತ್ರ ಕರೆಯುತ್ತಿದ್ದರು. ಎಂತಕ್ಕೆ? ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ ತಮ್ಮ ಕೇಡನ್ನು ಅವರ ಮೈಗೆ ದಾಟಿಸಲಿಕ್ಕೆ! ಇದೇ ಅಜಲು. ಕಂಬಳದ ಗದ್ದೆಯಲ್ಲಿ ಕೋಣಗಳಿಗಿಂತ ಮೊದಲು ಅವರನ್ನು ಓಡಿಸಿದ್ದೂ ಅಜಲೇ. ಮನುಷ್ಯ ದೂರ ಇರಬೇಕು, ಕೇಡು ಹೊರಲು ಮಾತ್ರ ಹತ್ರ ಬರಬೇಕು.

ಅಸ್ಪೃಶ್ಯತೆ ರದ್ದು ಮಾಡಿದ ಸಂವಿಧಾನದ 17ನೇ ವಿಧಿ 1950ರಲ್ಲೇ ಜಾರಿಯಲ್ಲಿತ್ತು. ಆದರೂ ಅಜಲನ್ನು ಹೆಸರು ಹಿಡಿದು ನಿಷೇಧಿಸಲು ಕರ್ನಾಟಕದಲ್ಲಿ 2000ದ ಕಾಯ್ದೆಯೇ ಬರಬೇಕಾಯಿತು. ನಡುವೆ 50 ವರ್ಷ!

ಕಾಯ್ದೆ ದೂರ ಇಟ್ಟವರನ್ನು ಶಿಕ್ಷಿಸಬಹುದು, ಹತ್ರ ಕೂರಿಸಲಾರದು. ನಮ್ಮ ಕರಾವಳಿಯಲ್ಲಿ 'ನೆರೆಕರೆ' ಅಂತ ಚೆಂದದ ಪದ ಇದೆ. ಮನೆಒಕ್ಲಿಗೆ ಹೇಳಿಕೆ ಕೊಡಲು ನೆರೆಕರೆಯ ಪಟ್ಟಿ ಬರೆಯುತ್ತೀರಲ್ಲ, ಅದರಲ್ಲಿ ಕೊರಗರ ಕೊಪ್ಪದ ಮನೆ ಎಷ್ಟು? ಆದಿ ದ್ರಾವಿಡರ ಮನೆ ಎಷ್ಟು? ಬಂದವರು ಯಾವ ಪಂಕ್ತಿಯಲ್ಲಿ ಕೂತು ಉಂಡರು?

ಇದಕ್ಕೆ ಉತ್ತರ ಕೊಡಿ. ಆಮೇಲೆ "ಹತ್ರ ಆಗಿದ್ದೇವೆ" ಅನ್ನಿ.

ಜೈ ಭೀಮ್.