ಒಥೆಲೊನ ಕಪ್ಪು, ರಂಗದ ಮಸಿ

ಶೇಕ್ಸ್‌ಪಿಯರನ 'ಒಥೆಲೊ'ವನ್ನು ನಾವು ಅನುಮಾನದ ದುರಂತವೆಂದೇ ಓದುತ್ತ ಬಂದಿದ್ದೇವೆ. ಕರ್ಚೀಫು ಕಳೀತು, ಗಂಡ ಹೆಂಡತಿಯನ್ನು ಕೊಂದ, ಇಷ್ಟೇನಾ ಕತೆ? 1604ರಲ್ಲಿ ಲಂಡನ್ನಿನ ಅರಮನೆಯಲ್ಲಿ ಆಡಿದ ಈ ನಾಟಕದ ಮೊದಲ ಅಂಕವನ್ನೇ ನೋಡೋಣ. ವೆನಿಸ್ಸಿನ ಶ್ರೀಮಂತ ಬ್ರಬಾನ್ಷಿಯೊ ಒಥೆಲೊನನ್ನು ಮನೆಗೆ ಕರೀತಾನೆ, ಅವನ ಯುದ್ಧದ ಕತೆ ಕೇಳ್ತಾನೆ. ಮಗಳು ಕೈಹಿಡಿದ ಕೂಡಲೆ, ಮಾಟ ಮಾಡಿದ ಅಂತ ದೂರು! ತುರ್ಕರ ವಿರುದ್ಧ ಕರಿಯನ ಕತ್ತಿ ಬೇಕು, ಕರಿಯ ಅಳಿಯ ಬೇಡ. ಇಯಾಗೊ ಹೊಸ ವಿಷವನ್ನೇನೂ ತರಲಿಲ್ಲ. ಊರಲ್ಲಿದ್ದುದನ್ನೇ ಒಥೆಲೊನ ಕಿವಿಗೆ ಹೊಯ್ದ. ತನ್ನ ಬಣ್ಣವೇ ಕೊರತೆಯೆಂದು ನಂಬಿದ ಗಳಿಗೆಯಲ್ಲೇ ಒಥೆಲೊ ಸೋತ. ಆದರೆ ಅವಮಾನ ಉಂಡವನ ಕೈಯೂ ಎದ್ದದ್ದು ಹೆಣ್ಣಿನ ಮೇಲೆ. ಡೆಸ್ಡಿಮೋನ ಸತ್ತಳು. ಸತ್ಯ ಹೇಳಿದ ಎಮಿಲಿಯಾ ಗಂಡ ಇಯಾಗೊನ ಕತ್ತಿಗೆ ಬಲಿಯಾದಳು. ಇದನ್ನು ನಾವು ಮರೆಯಬಾರದು.

ಇನ್ನು ರಂಗದ ಚರಿತ್ರೆ. ಲಂಡನ್ನಿನ ದೊಡ್ಡ ರಂಗಮಂದಿರಗಳಲ್ಲಿ ಬಿಳಿಯ ನಟರೇ ಮುಖಕ್ಕೆ ಬಣ್ಣ ಬಳಿದುಕೊಂಡು ಒಥೆಲೊ ಆಗುತ್ತಿದ್ದರು. 1833ರಲ್ಲಿ ಎಡ್ಮಂಡ್ ಕೀನ್ ರಂಗದ ಮೇಲೆಯೇ ಕುಸಿದ. ಆ ಪಾತ್ರಕ್ಕೆ ಕೊವೆಂಟ್ ಗಾರ್ಡನ್ನಿಗೆ ಬಂದವನು ನ್ಯೂಯಾರ್ಕಿನ ಕಪ್ಪು ನಟ ಐರಾ ಆಲ್ಡ್ರಿಜ್. ಪತ್ರಿಕೆಗಳು ಮೈಮೇಲೆ ಬಿದ್ದವು. ಎರಡೇ ಪ್ರದರ್ಶನಕ್ಕೆ ಬಾಗಿಲು ಮುಚ್ಚಿತು. ಗುಲಾಮಗಿರಿ ರದ್ದತಿಯ ಕಾಯಿದೆ ಪಾಸಾದದ್ದೂ ಅದೇ ವರ್ಷ! 1943ರಲ್ಲಿ ಶುರುವಾಗಿ ಪಾಲ್ ರಾಬ್ಸನ್ನನ ಒಥೆಲೊ ನ್ಯೂಯಾರ್ಕಿನಲ್ಲಿ 296 ಪ್ರದರ್ಶನ ಕಂಡಿತು. ಆದರೂ 1964ರಲ್ಲಿ ಲಾರೆನ್ಸ್ ಒಲಿವಿಯರ್ ಮತ್ತೆ ಮಸಿ ಬಳಿದುಕೊಂಡ.

ಕರಿಯನ ದುಃಖಕ್ಕೆ ಕಣ್ಣೀರಿಟ್ಟ ಜನ ಕರಿಯನನ್ನು ರಂಗ ಹತ್ತಗೊಡಲಿಲ್ಲ. ಬ್ರಬಾನ್ಷಿಯೊ ನಾಟಕದೊಳಗೆ ಸತ್ತ. ರಂಗಮಂದಿರದ ಬಾಗಿಲಲ್ಲಿ ಸಾಯಲಿಲ್ಲ.