ಟೆಸ್ಟ್ ಅನ್ನುವುದು ಒಂದು ವಸ್ತುವಾದ ಕಥೆ

ಬೆಳಿಗ್ಗೆ ಆ್ಯಪ್ ಅಪ್‌ಡೇಟ್ ಆಗುತ್ತದೆ. ಸಂಜೆ ದುಡ್ಡು ಕಳಿಸೋಣ ಅಂತ ಬಟನ್ ಒತ್ತಿದರೆ ಆ್ಯಪ್ ತಾನೇ ಮುಚ್ಚಿಕೊಂಡುಬಿಡುತ್ತದೆ. ಆಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಮಾತು: "ಬಿಡೋಕೆ ಮುಂಚೆ ಒಂದ್ಸಲ ನೋಡ್ಬಾರ್ದಿತ್ತಾ?" ನೋಡುವುದಕ್ಕೆ ಒಂದು ಪದ್ಧತಿ ಇದೆ. ಅದು ಆ್ಯಂಡ್ರಾಯ್ಡ್‌ಗಿಂತ ಹಳೆಯದು. ಅದು ಎಲ್ಲಿಂದ ಬಂತು ಅಂತ ಇವತ್ತು ಹೇಳುತ್ತೇವೆ.

ಮೊದಲು ಯೂನಿಟ್ ಟೆಸ್ಟ್ ಅಂದರೇನು ನೋಡೋಣ. ಹಾಲಿನ ಲೆಕ್ಕದ ಒಂದು ಆ್ಯಪ್ ಇದೆ ಅಂದುಕೊಳ್ಳಿ. ಲೀಟರಿಗೆ 38 ರೂಪಾಯಿ, ಹಾಕಿದ್ದು 12.5 ಲೀಟರ್, ಬರಬೇಕಾದ್ದು 475 ರೂಪಾಯಿ. ಆ್ಯಪ್‌ನಲ್ಲಿ ಲೆಕ್ಕ ಮಾಡುವ ಚಿಕ್ಕ ಭಾಗಕ್ಕೆ ಈ ಎರಡು ಅಂಕಿ ಕೊಟ್ಟು, 475 ಬಂತೇ ಇಲ್ಲವೇ ಅಂತ ಇನ್ನೊಂದು ಚಿಕ್ಕ ಪ್ರೋಗ್ರಾಂ ತಾನೇ ನೋಡುತ್ತದೆ. ಅಷ್ಟೇ. ಇಡೀ ಆ್ಯಪ್ ತೆರೆಯಬೇಕಿಲ್ಲ, ಪರದೆ ಮುಂದೆ ಮನುಷ್ಯ ಕೂರಬೇಕಿಲ್ಲ.

ಹಿಂದೆ ಇಂಥ ಪರೀಕ್ಷೆಯನ್ನು ಹೆಚ್ಚಾಗಿ ಕಣ್ಣಳತೆಯಲ್ಲೇ ಮಾಡುತ್ತಿದ್ದರು. ಪ್ರೋಗ್ರಾಂ ಬರೆದವರು ಉತ್ತರವನ್ನು ಪರದೆ ಮೇಲೆ ಮೂಡಿಸಿ, ನೋಡಿ, ಸರಿ ಇದೆ ಅಂತ ಮುಂದಕ್ಕೆ ಹೋಗುತ್ತಿದ್ದರು. ನಾಳೆ ಬೇರೆ ಏನನ್ನೋ ಬದಲಿಸಿದಾಗ ಇದು ಕೆಟ್ಟರೆ ಗೊತ್ತಾಗುತ್ತಿರಲಿಲ್ಲ.

ಅಮೆರಿಕದ ಕೆಂಟ್ ಬೆಕ್ ಇದಕ್ಕೊಂದು ದಾರಿ ಹುಡುಕಿದರು. ಅವರು ಕೆಲಸ ಮಾಡುತ್ತಿದ್ದದ್ದು ಸ್ಮಾಲ್‌ಟಾಕ್ ಭಾಷೆಯಲ್ಲಿ. 1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಆ ಭಾಷೆಯಲ್ಲಿ ಎಲ್ಲವೂ 'ಆಬ್ಜೆಕ್ಟ್', ಅಂದರೆ ವಸ್ತು. ಸಂಖ್ಯೆ ಒಂದು ವಸ್ತು, ಕಿಟಕಿ ಒಂದು ವಸ್ತು. ಹಾಗಾದರೆ ಪರೀಕ್ಷೆಯೂ ಯಾಕೆ ಒಂದು ವಸ್ತುವಾಗಬಾರದು? 1994ರಲ್ಲಿ ಬೆಕ್ ಈ ವಿಚಾರವನ್ನು ಸ್ಮಾಲ್‌ಟಾಕ್ ರಿಪೋರ್ಟ್ ಪತ್ರಿಕೆಯಲ್ಲಿ ಬರೆದರು. ಪರದೆಯ ಮೇಲೆ ಬಟನ್ ಒತ್ತಿ ಒತ್ತಿ ಮಾಡುವ ಪರೀಕ್ಷೆ ಬೇಗ ಮುರಿದು ಬೀಳುತ್ತದೆ ಅನ್ನುವುದು ಅವರ ವಾದ. ಪ್ರೋಗ್ರಾಂ ಬರೆದವರೇ ಅದರ ಪರೀಕ್ಷೆಯನ್ನೂ, ಅದೇ ಭಾಷೆಯಲ್ಲಿ ಬರೆಯಲಿ ಎಂದರು. ಆ ಪದ್ಧತಿಗೆ ಎಸ್‌ಯೂನಿಟ್ ಅಂತ ಹೆಸರಾಯಿತು.

ವಸ್ತು ಮಾಡಿದರೆ ಏನು ಲಾಭ? ನಮ್ಮ ಡೇರಿಗೇ ಹೋಗೋಣ. ಒಬ್ಬೊಬ್ಬರ ಹಾಲಿಗೂ ಬೇರೆ ಬೇರೆ ಸ್ಯಾಂಪಲ್ ತೆಗೆಯುತ್ತಾರೆ. ಹಿಂದಿನವರ ಹಾಲು ಲೋಟದ ತಳದಲ್ಲಿ ಉಳಿದಿದ್ದರೆ ನಿಮ್ಮ ಫ್ಯಾಟ್ ತಪ್ಪಾಗಿ ಬರುತ್ತದೆ, ದುಡ್ಡು ಹೋಗುವುದು ನಿಮ್ಮದು. ಬೆಕ್ ಅವರ ಪದ್ಧತಿಯಲ್ಲೂ ಪ್ರತಿಯೊಂದು ಪರೀಕ್ಷೆಗೆ ಹೊಸದೊಂದು ವಸ್ತು ಹುಟ್ಟುತ್ತದೆ. ಅದು ಮೊದಲು ತನಗೆ ಬೇಕಾದ್ದನ್ನು ಜೋಡಿಸಿಕೊಳ್ಳುತ್ತದೆ, ಪರೀಕ್ಷೆ ಮಾಡುತ್ತದೆ, ಆಮೇಲೆ ಜಾಗ ತೊಳೆದಿಡುತ್ತದೆ. ಒಂದರ ಎಂಜಲು ಇನ್ನೊಂದಕ್ಕೆ ತಾಗಬಾರದು ಅನ್ನುವುದು ಲೆಕ್ಕ.

ಇನ್ನೂ ಒಂದು ಅನುಕೂಲ ಇದೆ. ವಸ್ತುವಾದ ಮೇಲೆ ಅದನ್ನು ಎಣಿಸಬಹುದು, ಕಂತೆ ಕಟ್ಟಬಹುದು. ಒಂದು ಪರೀಕ್ಷೆ ಇರಲಿ, ನೂರು ಪರೀಕ್ಷೆಗಳ ಕಂತೆ ಇರಲಿ, ಕಂತೆಗಳನ್ನೆಲ್ಲ ಸೇರಿಸಿದ ದೊಡ್ಡ ಮೂಟೆ ಇರಲಿ, ಅದಕ್ಕೆ ಹೇಳುವುದು ಒಂದೇ ಮಾತು: 'ರನ್'. ಎಷ್ಟು ಪಾಸು, ಎಷ್ಟು ಫೇಲು ಅಂತ ಬರೆದುಕೊಳ್ಳುವುದಕ್ಕೂ ಬೇರೆ ಒಂದು ವಸ್ತು. ನಮಗೆ ಈ ಕಥೆಯಲ್ಲಿ ತುಂಬ ಹಿಡಿಸಿದ್ದು ಇದೇ. ಪರೀಕ್ಷೆ ಅನ್ನುವುದು ಮಾಡಿ ಮರೆಯುವ ಕೆಲಸ ಆಗಿದ್ದದ್ದು, ಎತ್ತಿಟ್ಟುಕೊಂಡು ದಿನಾ ಬಳಸುವ ಸಾಮಾನಾಯಿತು.

ಇದು ಬರೀ ಕಾಗದದ ಮಾತಾಗಿ ಉಳಿಯಲಿಲ್ಲ. ಕ್ರೈಸ್ಲರ್ ಕಾರು ಕಂಪನಿ ತನ್ನ ನೌಕರರ ಸಂಬಳದ ಲೆಕ್ಕಕ್ಕೆ ಸ್ಮಾಲ್‌ಟಾಕ್‌ನಲ್ಲಿ ಹೊಸ ವ್ಯವಸ್ಥೆ ಕಟ್ಟಿಸುತ್ತಿತ್ತು. ಕೆಲಸ ಹದಗೆಟ್ಟಿತ್ತು. 1996ರಲ್ಲಿ ಬೆಕ್ ಅವರನ್ನು ಕರೆಸಿದರು. ಪರೀಕ್ಷೆಗಳನ್ನು ಜೊತೆಜೊತೆಗೇ ಬರೆಯುತ್ತಾ ಕಟ್ಟಿದ ಆ ವ್ಯವಸ್ಥೆ 1997ರಲ್ಲಿ ಸುಮಾರು 10 ಸಾವಿರ ಜನಕ್ಕೆ ಸಂಬಳ ಕೊಡಲು ಶುರು ಮಾಡಿತು. ಆದರೆ ಉಳಿದ ನೌಕರರಿಗೆಲ್ಲ ಅದನ್ನು ವಿಸ್ತರಿಸುವ ಮೊದಲೇ, 2000ದಲ್ಲಿ, ಕಂಪನಿ ಯೋಜನೆಯನ್ನೇ ನಿಲ್ಲಿಸಿತು. ಟೆಸ್ಟ್ ಇದ್ದ ಮಾತ್ರಕ್ಕೆ ಯೋಜನೆ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ಈ ಉದಾಹರಣೆ ಕೊಡಿ.

ಅದೇ 1997ರಲ್ಲಿ ಇನ್ನೊಂದು ಘಟನೆ. ಅಟ್ಲಾಂಟಾದಲ್ಲಿ ನಡೆಯುವ ಸಮ್ಮೇಳನಕ್ಕೆ ಬೆಕ್ ಮತ್ತು ಸ್ವಿಟ್ಜರ್ಲೆಂಡಿನ ಎರಿಕ್ ಗಾಮಾ ಜೂರಿಕ್‌ನಿಂದ ವಿಮಾನ ಹತ್ತಿದ್ದರು. ದಾರಿಯುದ್ದಕ್ಕೂ ಇಬ್ಬರೂ ಸೇರಿ ಎಸ್‌ಯೂನಿಟ್ ಅನ್ನು ಜಾವಾ ಭಾಷೆಗೆ ತಂದರು. ಅದೇ ಜೆಯೂನಿಟ್. ಅಂದಿನಿಂದ ಒಂದೊಂದು ಭಾಷೆಗೂ ಇದರ ಮರಿಗಳು ಹುಟ್ಟಿದವು.

ಮೊಬೈಲ್‌ಗೆ ಇದು ಬಂದದ್ದು ಎರಡು ಹಾದಿಯಲ್ಲಿ. ಆ್ಯಂಡ್ರಾಯ್ಡ್‌ನಲ್ಲಿ ಆ್ಯಪ್ ಬರೆಯುತ್ತಿದ್ದದ್ದೇ ಜಾವಾದಲ್ಲಿ, ಹಾಗಾಗಿ 2008ರ ಮೊದಲ ಆವೃತ್ತಿಯಲ್ಲೇ ಜೆಯೂನಿಟ್ ಒಳಗೆ ಸೇರಿತ್ತು. ಆ್ಯಪಲ್ ಕಡೆ ಸ್ವಿಟ್ಜರ್ಲೆಂಡಿನದೇ ಒಂದು ಚಿಕ್ಕ ಕಂಪನಿ ಬರೆದ ಓಸಿಯೂನಿಟ್ ಇತ್ತು. 2005ರಲ್ಲಿ ಆ್ಯಪಲ್ ಅದನ್ನು ತನ್ನ ಎಕ್ಸ್‌ಕೋಡ್‌ಗೆ ಸೇರಿಸಿಕೊಂಡಿತು. 2013ರಲ್ಲಿ ಅದರ ಜಾಗಕ್ಕೆ ಎಕ್ಸ್‌ಸಿಟೆಸ್ಟ್ ಬಂತು.

ಇಲ್ಲಿ ಒಂದು ತೊಡಕು ಎದ್ದಿತು. ಕಂತೆ ಕಟ್ಟಿದಾಗ ಎಲ್ಲ ಪರೀಕ್ಷಾ ವಸ್ತುಗಳೂ ಮೊದಲೇ ಹುಟ್ಟಿ, ಕೊನೆಯ ಪರೀಕ್ಷೆ ಮುಗಿಯುವವರೆಗೂ ಮೆಮೊರಿಯಲ್ಲೇ ಕೂತಿರುತ್ತವೆ. ದೊಡ್ಡ ಕಂಪ್ಯೂಟರಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಮೊದಲ ಆ್ಯಂಡ್ರಾಯ್ಡ್ ಫೋನಿನಲ್ಲಿ ಇದ್ದದ್ದು 192 ಎಂಬಿ ರ್‍ಯಾಮ್. ಪರೀಕ್ಷೆ ಮುಗಿದರೂ ಅದು ಹಿಡಿದುಕೊಂಡ ಚಿತ್ರ, ಪಟ್ಟಿ, ಪರದೆ ಯಾವುದೂ ಕೈಬಿಟ್ಟಿರುವುದಿಲ್ಲ. ಉಂಡೆದ್ದವರು ಎಲೆ ಎತ್ತದೆ ಪಂಕ್ತಿಯಲ್ಲೇ ಕೂತ ಹಾಗೆ. ಅದಕ್ಕೇ ಆ್ಯಂಡ್ರಾಯ್ಡ್‌ನವರು ತಮ್ಮ ಪರೀಕ್ಷಾ ವಸ್ತುವಿನೊಳಗೆ, ಹಿಡಿದದ್ದನ್ನೆಲ್ಲ ಉಜ್ಜಿ ತೆಗೆಯಲೆಂದೇ 'ಸ್ಕ್ರಬ್‌ಕ್ಲಾಸ್' ಅನ್ನುವ ಭಾಗ ಇಟ್ಟರು. ಎಕ್ಸ್‌ಸಿಟೆಸ್ಟ್‌ನಲ್ಲಿ ಆ ಕೆಲಸ ಬರೆಯುವವರ ಜವಾಬ್ದಾರಿ. ಮರೆತರೆ ಹಿಂದಿನ ಪರೀಕ್ಷೆಯ ವಸ್ತು ಜೀವಂತ ಉಳಿದು ಮುಂದಿನದಕ್ಕೆ ಅಡ್ಡ ಬರಬಹುದು. ಎಂಜಲು ತಾಗಬಾರದು ಅಂತ ಹೊರಟ ಪದ್ಧತಿಗೇ ಈ ಗತಿ.

ಕಾಲಕ್ಕೆ ತಕ್ಕಂತೆ ರೂಪ ಬದಲಾಯಿತು. 2006ರ ಜೆಯೂನಿಟ್ 4ರಲ್ಲಿ 'ಇದು ಟೆಸ್ಟ್' ಅಂತ ಮೇಲೊಂದು ಗುರುತು ಹಾಕಿದರೆ ಸಾಕಾಯಿತು. ಆದರೂ ಒಂದೊಂದು ಪರೀಕ್ಷೆಗೂ ಹೊಸ ವಸ್ತು ಅನ್ನುವ ಹಳೇ ನಿಯಮ ಹಾಗೇ ಉಳಿಯಿತು. ಆ್ಯಂಡ್ರಾಯ್ಡ್ ತನ್ನ ಹಳೇ ಪರೀಕ್ಷಾ ವಸ್ತುಗಳನ್ನು 2016ರಲ್ಲಿ, ಏಳನೇ ಆವೃತ್ತಿಯ ಹೊತ್ತಿಗೆ, ಬಳಕೆಯಿಂದ ಹಿಂದೆ ಸರಿಸಿತು. 2024ರಲ್ಲಿ ಆ್ಯಪಲ್ ತಂದ ಸ್ವಿಫ್ಟ್ ಟೆಸ್ಟಿಂಗ್‌ನಲ್ಲೂ ಪ್ರತಿ ಪರೀಕ್ಷೆಗೆ ಹೊಸ ಪ್ರತಿ ಹುಟ್ಟುತ್ತದೆ.

ಇವತ್ತು ನಿಮ್ಮೂರಿನ ಹುಡುಗನೋ ಹುಡುಗಿಯೋ ಕಂಪ್ಯೂಟರಿನಲ್ಲಿ ಆ್ಯಂಡ್ರಾಯ್ಡ್ ಸ್ಟುಡಿಯೋ ತೆರೆದು ಹೊಸ ಆ್ಯಪ್ ಶುರು ಮಾಡಿದರೆ, ಅದರೊಳಗೆ ಒಂದು ಪರೀಕ್ಷೆ ಮೊದಲೇ ಬರೆದಿರುತ್ತದೆ: ಎರಡಕ್ಕೆ ಎರಡು ಕೂಡಿದರೆ ನಾಲ್ಕು ಬರುತ್ತದೆಯೇ? ಅದನ್ನು ಅಳಿಸಿ ತಮ್ಮ ಆ್ಯಪ್‌ಗೆ ಬೇಕಾದ್ದನ್ನು ಬರೆಯುವವರಿದ್ದಾರೆ. ಅದೊಂದೇ ಪರೀಕ್ಷೆಯನ್ನು ಹಾಗೇ ಬಿಟ್ಟು ಆ್ಯಪ್ ಬಿಡುಗಡೆ ಮಾಡುವವರೂ ಇದ್ದಾರೆ.